ಸ್ಪೋರ್ಟ್ಸ್ ಕಾರಿನ ಅಡ್ಜಸ್ಟಬಲ್ ಶಾಕ್ ಅಬ್ಸಾರ್ಬರ್ ಕೆಟ್ಟಾಗ: ಪತ್ತೆಯಿಂದ ಹೊಸದು ಕೂರಿಸುವವರೆಗೆ

ಸಸ್ಪೆನ್ಶನ್ ದೀಪ ಹೊತ್ತಿಕೊಂಡ ತಕ್ಷಣ ನಾಲ್ಕು ಹೊಸ ಶಾಕ್‌ಗಳಿಗೆ ಆರ್ಡರ್ ಕೊಡಬೇಡಿ. ಮೊದಲು ಕೆಟ್ಟಿರುವುದು ಯಾವುದು ಅಂತ ಖಚಿತ ಮಾಡಿಕೊಳ್ಳಿ. ಅಡ್ಜಸ್ಟಬಲ್ ಶಾಕ್‌ಗಳು ಮಾಮೂಲಿ ಶಾಕ್‌ಗಳಿಗಿಂತ ಹಲವು ಪಟ್ಟು ದುಬಾರಿ. ತೊಂದರೆ ಇರುವುದು ಒಂದು ಸೆನ್ಸರ್‌ನ ಕಡ್ಡಿಯಲ್ಲೋ ಕನೆಕ್ಟರ್‌ನ ಪಿನ್ನಿನಲ್ಲೋ ಆಗಿದ್ದರೆ ಆ ದುಡ್ಡೆಲ್ಲ ನೀರುಪಾಲು. ಇನ್ನೊಂದು ಕಡೆ, ಎಣ್ಣೆ ಸೋರಿ ಖಾಲಿಯಾದ ಶಾಕ್ ಅನ್ನು ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿ ಸರಿಮಾಡಲು ಆಗುವುದಿಲ್ಲ. ಅದಕ್ಕೇ ಈ ಲೇಖನದ ದೊಡ್ಡ ಪಾಲು ಪತ್ತೆ ಮಾಡುವುದರ ಬಗ್ಗೆ ಇದೆ. ಬಿಚ್ಚಿ ಕೂರಿಸುವ ಕೆಲಸ ಆಮೇಲೆ.

ಬ್ರೇಕ್ ಪ್ಯಾಡ್ ತಾವೇ ಬದಲಿಸಿಕೊಳ್ಳುವ, ಟಾರ್ಕ್ ರೆಂಚ್ ಹಿಡಿದು ಅಭ್ಯಾಸ ಇರುವವರು ಈ ಕೆಲಸ ಮಾಡಬಹುದು. ಅಷ್ಟು ಅನುಭವ ಇಲ್ಲದಿದ್ದರೂ ಪತ್ತೆಯ ಭಾಗ ಓದಿಕೊಳ್ಳಿ. ಗ್ಯಾರೇಜಿನವರ ಜೊತೆ ಮಾತಾಡುವಾಗ ಅದು ಉಪಯೋಗಕ್ಕೆ ಬರುತ್ತದೆ.

ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ?

ಎಲ್ಲ ಶಾಕ್‌ಗಳ ಮೂಲ ಕೆಲಸ ಒಂದೇ. ಒಳಗಿನ ಪಿಸ್ಟನ್ ಎಣ್ಣೆಯಲ್ಲಿ ಮೇಲೆ ಕೆಳಗೆ ಹೋಗುತ್ತದೆ. ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುವಾಗ ತಡೆ ಹುಟ್ಟುತ್ತದೆ. ಆ ತಡೆಯನ್ನು ಹೆಚ್ಚು ಕಡಿಮೆ ಮಾಡುವ ದಾರಿ ಬೇರೆ ಬೇರೆ. ಯಾವ ದಾರಿಯೋ ಅದರ ಮೇಲೆ ಅದು ಕೆಡುವ ರೀತಿಯೂ ನಿಂತಿರುತ್ತದೆ.

ಮೊದಲನೆಯದು ಕೈಯಲ್ಲಿ ತಿರುಗಿಸುವುದು. ಪಿಸ್ಟನ್ನಿಗೆ ಕೂಡಿದ ರಾಡಿನ ತುದಿಯಲ್ಲೋ ಬಾಡಿಯ ಕೆಳಗೋ ಒಂದು ನಾಬ್ ಇರುತ್ತದೆ. ತಿರುಗಿಸಿದರೆ ಒಳಗಿನ ಸೂಜಿ ತೂತನ್ನು ಕಿರಿದು ಮಾಡುತ್ತದೆ. ಇವು ಕೆಡುವುದು ಎರಡು ರೀತಿ. ತುಕ್ಕು, ಕೊಳೆ ಸೇರಿ ನಾಬ್ ಬಿಗಿದುಕೊಳ್ಳುತ್ತದೆ. ಇಲ್ಲವೇ ಯಾರೋ ಕೊನೆಯ ಹಂತ ದಾಟಿ ಬಲವಾಗಿ ತಿರುಗಿಸಿ ಸೂಜಿ ಹಾಳಾಗಿರುತ್ತದೆ. ಆಗ ನಾಬ್ ಸುಮ್ನೆ ತಿರುಗುತ್ತದೆ, ಕ್ಲಿಕ್ ಸಿಗುವುದಿಲ್ಲ. ಒಂದು ವಿಷಯ ಗಮನದಲ್ಲಿರಲಿ. ಕೋನಿ ಕಂಪನಿಯ ಕೆಲವು ಶಾಕ್‌ಗಳಲ್ಲಿ ನಾಬ್ ಇರುವುದೇ ಇಲ್ಲ. ಶಾಕ್ ಬಿಚ್ಚಿ, ರಾಡನ್ನು ಪೂರ್ತಿ ಒಳಗೆ ಒತ್ತಿ, ತಳದ ವಾಲ್ವ್‌ಗೆ ಕಚ್ಚಿಸಿ ತಿರುಗಿಸಬೇಕು. ಅದು ಗೊತ್ತಿಲ್ಲದೆ ಅಡ್ಜಸ್ಟರ್ ಕೆಟ್ಟಿದೆ ಅಂತ ತೀರ್ಮಾನಕ್ಕೆ ಬರಬೇಡಿ.

ಎರಡನೆಯದರಲ್ಲಿ ಆ ತಿರುಗಿಸುವ ಕೆಲಸ ಒಂದು ಪುಟ್ಟ ಮೋಟಾರಿನದು. ಅದು ಶಾಕ್‌ನ ತಲೆಯ ಮೇಲೆ ಕೂತಿರುತ್ತದೆ. 1989ರಿಂದ 1995ರವರೆಗೆ ನಾಲ್ಕನೇ ತಲೆಮಾರಿನ ಷೆವರ್ಲೆ ಕಾರ್ವೆಟ್‌ಗೆ ಎಫ್‌ಎಕ್ಸ್3 ಎಂಬ ವ್ಯವಸ್ಥೆ ಸಿಗುತ್ತಿತ್ತು. ಬಿಲ್‌ಸ್ಟೈನ್ ಶಾಕ್‌ಗಳ ಮೇಲೆ ಮೋಟಾರು, ಒಳಗೆ ಟೂರ್, ಸ್ಪೋರ್ಟ್, ಪರ್ಫಾರ್ಮೆನ್ಸ್ ಎಂಬ ಮೂರು ಆಯ್ಕೆಯ ಸ್ವಿಚ್ಚು. ಈ ಮೋಟಾರುಗಳ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರ ಕಾಲಕ್ರಮೇಣ ಒಡೆಯುತ್ತದೆ. ಶಾಕ್ ಚೆನ್ನಾಗಿಯೇ ಇರುತ್ತದೆ, ತಿರುಗಿಸುವವರು ಯಾರೂ ಇರುವುದಿಲ್ಲ ಅಷ್ಟೇ.

ಮೂರನೆಯದು ಸೊಲೆನಾಯ್ಡ್ ವಾಲ್ವ್. ವಿದ್ಯುತ್ ಸುರುಳಿಯೊಂದು ವಾಲ್ವನ್ನು ಕ್ಷಣಕ್ಷಣಕ್ಕೂ ತೆರೆದು ಮುಚ್ಚುತ್ತದೆ. ಪೋರ್ಷೆ ಕಾರುಗಳ ಪಿಎಎಸ್‌ಎಂ ಎಂಬ ಸಸ್ಪೆನ್ಶನ್ ವ್ಯವಸ್ಥೆ ಇಂಥದ್ದೇ. ಇಲ್ಲಿ ಕನೆಕ್ಟರ್‌ಗೆ ನೀರು ಸೇರುವುದು, ಸುರುಳಿಯ ತಂತಿ ಕಡಿಯುವುದು, ವೈರು ಉಜ್ಜಿ ಸವೆಯುವುದು ಮಾಮೂಲಿ.

ನಾಲ್ಕನೆಯದು ಮ್ಯಾಗ್ನೆರೈಡ್ ಬಗೆ. 2002ರಲ್ಲಿ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್‌ನಲ್ಲಿ ಮೊದಲು ಬಂತು. ಮರುವರ್ಷದ ಮಾಡೆಲ್ ಕಾರ್ವೆಟ್‌ಗೂ ಬಂತು. ಆಮೇಲೆ ಆಡಿ ಟಿಟಿ, ಆಡಿ ಆರ್8, ಫೆರಾರಿ 599 ಕೂಡ ಇದನ್ನು ಅಳವಡಿಸಿಕೊಂಡವು. ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು ಬೆರೆತಿರುತ್ತವೆ. ಪಿಸ್ಟನ್ನಿನೊಳಗಿನ ಸುರುಳಿಗೆ ಕರೆಂಟ್ ಕೊಟ್ಟರೆ ಕಣಗಳು ಸಾಲುಗಟ್ಟಿ ಎಣ್ಣೆ ಗಟ್ಟಿಯಾದಂತೆ ವರ್ತಿಸುತ್ತದೆ. ಇದೆಲ್ಲ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ. ಎಷ್ಟು ಚೆಂದದ ಯೋಚನೆ, ಅಲ್ವಾ? ಆದರೆ ಅದೇ ಕಬ್ಬಿಣದ ಕಣಗಳು ಸೀಲನ್ನೂ ರಾಡನ್ನೂ ನಿಧಾನವಾಗಿ ಉಜ್ಜುತ್ತವೆ. ಹಾಗಾಗಿ ಈ ಬಗೆಯಲ್ಲಿ ಸೋರಿಕೆ ಹೆಚ್ಚಾಗಿ ಕಾಡುತ್ತದೆ. ವೈರು ರಾಡಿನ ಒಳಗಿಂದಲೇ ಹೋಗುವುದರಿಂದ ರಿಪೇರಿಯೂ ಕಷ್ಟ.

ಪತ್ತೆ: ಮೊದಲು ಕಣ್ಣು, ಕೈ

ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ತೆಗೆದು, ಟಾರ್ಚ್ ಹಿಡಿದು ನೋಡಿ. ಶಾಕ್‌ನ ಮೇಲ್ಭಾಗದಲ್ಲಿ ತೆಳುವಾದ ಎಣ್ಣೆಯ ಪಸೆ, ಅದರ ಮೇಲೆ ಧೂಳು ಕೂತಿದ್ದರೆ ಗಾಬರಿ ಬೇಡ. ರಾಡಿನ ಸೀಲ್ ಒದ್ದೆಯಾಗಿರಬೇಕು, ಸ್ವಲ್ಪ ಪಸೆ ಹೊರಗೆ ಬಂದೇ ಬರುತ್ತದೆ. ಎಣ್ಣೆ ಗೆರೆಯಾಗಿ ಕೆಳಗಿನವರೆಗೆ ಇಳಿದಿದ್ದರೆ, ಬುಡದಲ್ಲಿ ಹನಿ ನಿಂತಿದ್ದರೆ ಅದು ಸೋರಿಕೆ. ಅನುಮಾನ ಇದ್ದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಕೆಲವು ದಿನ ಓಡಿಸಿ, ಮತ್ತೆ ನೋಡಿ. ಮತ್ತೆ ಒದ್ದೆಯಾಗಿದ್ದರೆ ಉತ್ತರ ಸಿಕ್ಕಿತು.

ರಾಡಿನ ಹೊಳೆಯುವ ಮೈಯಲ್ಲಿ ಗುಳಿ, ಗೀರು, ತುಕ್ಕು ಇದೆಯಾ ನೋಡಿ. ಧೂಳಿನ ಬೂಟ್ ಹರಿದಿದ್ದರೆ ಇದು ಖಂಡಿತ ನೋಡಬೇಕಾದ ಜಾಗ. ಶಾಕ್ ಪೂರ್ತಿ ಒತ್ತಿಕೊಂಡಾಗ ಏಟು ತಡೆಯುವ ಬಂಪ್ ಸ್ಟಾಪ್ ಪುಡಿಪುಡಿಯಾಗಿದ್ದರೆ ಶಾಕ್ ತುಂಬ ದಿನದಿಂದ ತಳ ಬಡಿಯುತ್ತಿದೆ ಅಂತ ಅರ್ಥ. ಟೈರಿನ ಮೇಲೆ ಕೈಯಾಡಿಸಿ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ.

ಕಾರಿನ ಮೂಲೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ಎಣಿಸುವ ಹಳೆಯ ಪರೀಕ್ಷೆಯನ್ನು ಇಲ್ಲಿ ನೆಚ್ಚಬೇಡಿ. ಸ್ಪೋರ್ಟ್ಸ್ ಕಾರಿನ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಕೈಯಲ್ಲಿ ಒತ್ತಿದರೆ ಹೆಚ್ಚು ಅಲುಗುವುದೇ ಇಲ್ಲ. ಶಾಕ್ ಸತ್ತಿದ್ದರೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು.

ಟಕ್ ಟಕ್ ಸದ್ದು ಬಂದರೆ ಶಾಕ್ ಮೇಲೆ ಆಪಾದನೆ ಹೊರಿಸುವ ಮೊದಲು ಎಡ ಬಲ ಚಕ್ರಗಳನ್ನು ಜೋಡಿಸಿ ಕಾರು ವಾಲುವುದನ್ನು ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕ್, ಶಾಕನ್ನು ಬಾಡಿಗೆ ಕೂರಿಸುವ ಮೇಲಿನ ಮೌಂಟ್, ಕೆಳಗಿನ ರಬ್ಬರ್ ಬುಶ್ ನೋಡಿ. ಸಣ್ಣ ಸಣ್ಣ ಉಬ್ಬುಗಳಲ್ಲಿ ಬರುವ ಸದ್ದಿಗೆ ಹೆಚ್ಚಾಗಿ ಲಿಂಕೇ ಕಾರಣ. ಲಿಂಕ್ ಅನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ, ಸಡಿಲ ಇದ್ದರೆ ಗೊತ್ತಾಗುತ್ತದೆ.

ಪತ್ತೆ: ಕರೆಂಟಿನ ಕಡೆ

ಎಲೆಕ್ಟ್ರಾನಿಕ್ ಬಗೆ ಆಗಿದ್ದರೆ ಸ್ಕ್ಯಾನರ್ ಬೇಕು. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಉಪಕರಣ ಸಾಲದು. ಶಾಕ್‌ಗಳನ್ನು ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಸಸ್ಪೆನ್ಶನ್ ಮಾಡ್ಯೂಲ್ ಜೊತೆ ಮಾತಾಡುವಂಥದ್ದು ಆಗಬೇಕು. ಕೋಡ್ ಯಾವ ಮೂಲೆಯದ್ದು, ಸರ್ಕ್ಯೂಟ್ ಕಡಿದಿದೆಯಾ, ಶಾರ್ಟ್ ಆಗಿದೆಯಾ ಅಂತ ಬರೆದುಕೊಳ್ಳಿ. ಆಮೇಲೆ ಕೋಡ್ ಅಳಿಸಿ. ಯಾವುದು ಮತ್ತೆ ಬರುತ್ತದೋ ಅದೇ ಈಗಿನ ತೊಂದರೆ. ಉಳಿದವು ಹಳೆಯ ಕಥೆ ಇರಬಹುದು. ಬ್ಯಾಟರಿ ದುರ್ಬಲವಾಗಿದ್ದರೂ ಇಂಥ ಕೋಡ್‌ಗಳು ಬರುತ್ತವೆ. ಅದನ್ನು ಮೊದಲೇ ಪರೀಕ್ಷಿಸಿಬಿಡಿ.

ನಾಲ್ಕೂ ಮೂಲೆಗೆ ಒಟ್ಟಿಗೆ ಕೋಡ್ ಬಂದಿದೆಯಾ? ಹಾಗಾದರೆ ಶಾಕ್‌ಗಳನ್ನು ಮರೆತುಬಿಡಿ. ನಾಲ್ಕು ಶಾಕ್ ಒಂದೇ ದಿನ ಕೆಡುವುದಿಲ್ಲ. ಫ್ಯೂಸ್, ಅರ್ತ್ ವೈರ್, ಮಾಡ್ಯೂಲ್, ಇವುಗಳ ಕಡೆ ಹೋಗಿ.

ಒಂದೇ ಮೂಲೆ ಆಗಿದ್ದರೆ ಇಗ್ನಿಶನ್ ಆಫ್ ಮಾಡಿ ಆ ಶಾಕ್‌ನ ಕನೆಕ್ಟರ್ ಬಿಚ್ಚಿ. ಹಸಿರು ಕಿಲುಬು, ಬಾಗಿದ ಪಿನ್, ನೀರು ಇದೆಯಾ ನೋಡಿ. ಈಗ ಮಲ್ಟಿಮೀಟರ್ ತೆಗೆದುಕೊಳ್ಳಿ. ಮೊದಲು ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ. ಮೀಟರಿನ ಸ್ವಂತ ವೈರಿನ ಓಮ್ ಎಷ್ಟು ಅಂತ ಗೊತ್ತಾಗುತ್ತದೆ. ಅದನ್ನು ಮುಂದಿನ ಅಳತೆಯಿಂದ ಕಳೆಯಬೇಕು. ಏಕೆಂದರೆ ಈ ಸುರುಳಿಗಳ ಪ್ರತಿರೋಧ ಬಹಳ ಕಡಿಮೆ, ಕೆಲವೇ ಓಮ್. ಅರ್ಧ ಓಮ್ ವ್ಯತ್ಯಾಸವೂ ಇಲ್ಲಿ ದೊಡ್ಡದು. ಶಾಕ್‌ನ ಎರಡು ಪಿನ್ ನಡುವೆ ಅಳೆಯಿರಿ. ಅಳತೆಯೇ ಬರದಿದ್ದರೆ ಸುರುಳಿ ಕಡಿದಿದೆ. ಸೊನ್ನೆಗೆ ಹತ್ತಿರ ಬಂದರೆ ಶಾರ್ಟ್. ಒಂದು ಪಿನ್‌ನಿಂದ ಶಾಕ್‌ನ ಲೋಹದ ಮೈಗೂ ಅಳೆಯಿರಿ, ಅಲ್ಲಿ ಸಂಪರ್ಕ ಸಿಗಬಾರದು.

ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದು ಕೈಗೆ ಸಿಗದಿದ್ದರೂ ಒಂದು ಒಳ್ಳೆಯ ದಾರಿ ಇದೆ. ಅದೇ ಆಕ್ಸಲ್‌ನ ಆಚೆ ಬದಿಯ ಶಾಕ್ ಅಳೆದು ಹೋಲಿಸಿ. ಎರಡೂ ಸರಿಸುಮಾರು ಒಂದೇ ಇರಬೇಕು. ಅಳೆಯುವಾಗ ವೈರನ್ನು ಬೇರೆ ಬೇರೆ ಕಡೆ ಬಾಗಿಸುತ್ತಾ ಇರಿ. ಒಳಗೆ ಅರ್ಧ ಕಡಿದ ವೈರು ನೆಟ್ಟಗಿದ್ದಾಗ ಸರಿ ತೋರಿಸಿ, ಬಾಗಿಸಿದಾಗ ಬಣ್ಣ ಬಯಲು ಮಾಡುತ್ತದೆ. ಸ್ಟಿಯರಿಂಗ್ ಜೊತೆ ಮುಂದಿನ ಶಾಕ್‌ನ ವೈರೂ ತಿರುಗುವ ಕಾರುಗಳಲ್ಲಿ ಇದನ್ನು ತಪ್ಪದೆ ಮಾಡಿ.

ಶಾಕ್ ಸರಿ ಇದ್ದರೆ ಮುಂದಿನ ಗುಮಾನಿ ಎತ್ತರದ ಸೆನ್ಸರ್. ಸಸ್ಪೆನ್ಶನ್ ತೋಳಿಗೂ ಸೆನ್ಸರ್‌ಗೂ ನಡುವೆ ಒಂದು ಸಣ್ಣ ಕಡ್ಡಿ ಇರುತ್ತದೆ. ಅದರ ತುದಿಯ ಗುಂಡು ಕಳಚಿಕೊಳ್ಳುವುದು ಸಾಮಾನ್ಯ. ಹಲವು ಕಾರುಗಳಲ್ಲಿ ಈ ಸೆನ್ಸರ್‌ಗೆ 5 ವೋಲ್ಟ್ ಬರುತ್ತದೆ. ತೋಳನ್ನು ಮೇಲೆ ಕೆಳಗೆ ಮಾಡಿದಾಗ ಸಿಗ್ನಲ್ ವೈರಿನ ವೋಲ್ಟೇಜ್ ನುಣುಪಾಗಿ ಏರಿಳಿಯಬೇಕು. ನಡುವೆ ಜಿಗಿದರೆ, ಸತ್ತುಹೋದರೆ ಸೆನ್ಸರ್ ಕೆಟ್ಟಿದೆ.

ತಲೆಯ ಮೇಲೆ ಮೋಟಾರು ಇರುವ ಬಗೆಯಲ್ಲಿ ಪತ್ತೆ ಇನ್ನೂ ಸುಲಭ. ಬಲಗಡೆಯ ಮೋಟಾರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿ. ತೊಂದರೆ ಮೋಟಾರಿನ ಜೊತೆ ಆಚೆ ಹೋಯಿತಾ? ಮೋಟಾರೇ ಕೆಟ್ಟಿದೆ. ಅಲ್ಲೇ ಉಳಿಯಿತಾ? ವೈರು ಅಥವಾ ಶಾಕ್. ಮೋಟಾರು ತೆಗೆದಾಗ ಶಾಕ್‌ನ ಒಳಕಡ್ಡಿ ಕೈಯಲ್ಲಿ ಹಗುರವಾಗಿ ತಿರುಗುತ್ತದೆಯಾ ನೋಡಿ. ಬಿಗಿದುಕೊಂಡ ಕಡ್ಡಿಯನ್ನು ತಿರುಗಿಸಲು ಹೋಗಿಯೇ ಎಷ್ಟೋ ಹಲ್ಲುಚಕ್ರಗಳು ಒಡೆಯುತ್ತವೆ. ಅದನ್ನು ಸರಿಮಾಡದೆ ಹೊಸ ಮೋಟಾರು ಹಾಕಿದರೆ ಅದರ ಗತಿಯೂ ಅಷ್ಟೇ.

ಪತ್ತೆ ಮುಗಿಯುವವರೆಗೆ ಕಾರು ಓಡಿಸಲೇಬೇಕಾದರೆ ನಿಧಾನ. ತೊಂದರೆ ಕಂಡಾಗ ವ್ಯವಸ್ಥೆ ಒಂದು ನಿಗದಿತ ಸ್ಥಿತಿಗೆ ಬಂದು ನಿಲ್ಲುತ್ತದೆ. ಕರೆಂಟ್ ಇಲ್ಲದ ಮ್ಯಾಗ್ನೆರೈಡ್ ತುಂಬ ಮೆತ್ತಗಾಗುತ್ತದೆ. ಐದನೇ ತಲೆಮಾರಿನ ಕಾರ್ವೆಟ್ ಇಂಥ ಹೊತ್ತಲ್ಲಿ ಶಾಕ್ ಕೆಲಸ ಮಾಡುತ್ತಿಲ್ಲ, ಗರಿಷ್ಠ ವೇಗ 129 ಕಿ.ಮೀ. ಅಂತ ಪರದೆಯ ಮೇಲೆ ಎಚ್ಚರಿಸುತ್ತದೆ. ಆ ಸಂದೇಶವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆತ್ತಗಾದ ಕಾರು ವೇಗದಲ್ಲಿ ಪಥ ಬದಲಿಸುವಾಗ ತೂಗಾಡುತ್ತದೆ, ಬ್ರೇಕ್ ಹಿಡಿದಾಗ ಮೂಗು ಮುಗ್ಗರಿಸುತ್ತದೆ.

ರಿಪೇರಿಯಾ, ಬದಲಾವಣೆಯಾ?

ವೈರು, ಕನೆಕ್ಟರ್, ಸೆನ್ಸರ್, ಮೋಟಾರು, ಬುಶ್, ಮೇಲಿನ ಮೌಂಟ್: ಇವನ್ನು ಬಿಡಿಬಿಡಿಯಾಗಿ ಸರಿಮಾಡಿ. ಇದರಲ್ಲಿ ಯೋಚಿಸುವಂಥದ್ದು ಏನೂ ಇಲ್ಲ. ಶಾಕ್‌ನ ಒಳಗೇ ತೊಂದರೆ ಇದ್ದರೆ ಮೂರು ದಾರಿ ಇವೆ.

ರೀಬಿಲ್ಡ್ ಒಂದು ದಾರಿ. ಬಿಚ್ಚುವಂತೆ ಮಾಡಿರುವ ಮೊನೊಟ್ಯೂಬ್ ಶಾಕ್‌ಗಳಿಗೆ (ಎಣ್ಣೆ, ಗ್ಯಾಸ್ ಒಂದೇ ಕೊಳವೆಯಲ್ಲಿ ಇರುವಂಥವು), ಒಳ್ಳೆಯ ಕಾಯಿಲೋವರ್‌ಗಳಿಗೆ (ಸುತ್ತಲೇ ಸ್ಪ್ರಿಂಗ್ ಇದ್ದು ಎತ್ತರ ಹೊಂದಿಸಬಹುದಾದ ಶಾಕ್‌ಗಳು) ಇದು ತುಂಬ ಚೆನ್ನಾಗಿ ಒಪ್ಪುತ್ತದೆ. ಗ್ಯಾಸ್ ಬಿಟ್ಟು, ಬಿಚ್ಚಿ, ಸೀಲ್, ಎಣ್ಣೆ, ಪಿಸ್ಟನ್ ಪಟ್ಟಿ ಹೊಸದು ಹಾಕಿ, ರಾಡಿನ ಕ್ರೋಮ್ ಪರೀಕ್ಷಿಸಿ, ಮತ್ತೆ ನೈಟ್ರೋಜನ್ ತುಂಬುತ್ತಾರೆ. ಇದನ್ನು ಮನೆಯಲ್ಲಿ ಮಾಡಬೇಡಿ. ಮೊನೊಟ್ಯೂಬ್‌ನಲ್ಲಿ ಗ್ಯಾಸಿನ ಒತ್ತಡ ಸಾಮಾನ್ಯವಾಗಿ 20ರಿಂದ 30 ಬಾರ್ ಇರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡೂವರೆ ಬಾರ್ ಆಸುಪಾಸು. ಕೊರೆಯುವುದು, ಕತ್ತರಿಸುವುದು, ಕಾಯಿಸುವುದು, ವೆಲ್ಡಿಂಗ್, ಯಾವುದೂ ಕೂಡದು. ಕೆಲಸ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ: ಮುಗಿದ ಮೇಲೆ ಶಾಕ್ ಪರೀಕ್ಷಿಸುವ ಡೈನೋ ಯಂತ್ರದಲ್ಲಿ ಓಡಿಸಿ ಗ್ರಾಫ್ ಕೊಡುತ್ತೀರಾ? ಪಿಸ್ಟನ್ನಿನ ವೇಗಕ್ಕೆ ಎಷ್ಟು ಬಲ ಅಂತ ಅದು ತೋರಿಸುತ್ತದೆ. ಎಡ ಬಲ ಎರಡರ ಗೆರೆಗಳೂ ಒಂದರ ಮೇಲೊಂದು ಕೂರಬೇಕು. ಗ್ರಾಫ್ ಕೊಡದವರಿಗೆ ನಾನಂತೂ ಜೋಡಿ ಶಾಕ್ ಒಪ್ಪಿಸುವುದಿಲ್ಲ.

ಕಾರ್ಖಾನೆಯ ಹೊಸ ಶಾಕ್ ಎರಡನೇ ದಾರಿ. ಎಲೆಕ್ಟ್ರಾನಿಕ್ ವ್ಯವಸ್ಥೆ ಹಾಗೆಯೇ ಉಳಿಯಬೇಕು ಅನ್ನುವವರಿಗೆ, ಮುಖ್ಯವಾಗಿ ಮ್ಯಾಗ್ನೆರೈಡ್ ಇರುವವರಿಗೆ, ಇದೇ ನೆಮ್ಮದಿಯ ದಾರಿ. ಪಾರ್ಟ್ ನಂಬರ್ ಅನ್ನು ಕಾರಿನ ಚಾಸಿ ನಂಬರ್ ಕೊಟ್ಟು ಖಚಿತ ಮಾಡಿಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ಸ್ಪ್ರಿಂಗ್, ಬೇರೆ ಎತ್ತರ ಇರುತ್ತವೆ. ಹಳೆಯ ಕಾರಿನಿಂದ ಬಿಚ್ಚಿದ ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರಾನಿಕ್ ಶಾಕ್ ಕೊಳ್ಳಬೇಡಿ. ಅದರ ಸೀಲ್ ಎಷ್ಟು ಸವೆದಿದೆ ಅಂತ ಹೊರಗಿನಿಂದ ಹೇಳಲು ಆಗುವುದಿಲ್ಲ.

ಮೂರನೆಯದು ಎಲೆಕ್ಟ್ರಾನಿಕ್ ತೆಗೆದು ಮಾಮೂಲಿ ಅಥವಾ ಕೈಯಲ್ಲಿ ತಿರುಗಿಸುವ ಶಾಕ್ ಹಾಕುವುದು. ಹಳೆಯ ಕಾರುಗಳಿಗೆ ಮೂಲ ಭಾಗ ಸಿಗದಾಗ ಇದು ಒಳ್ಳೆಯ ಆಯ್ಕೆಯೇ. ಟ್ರ್ಯಾಕ್‌ಗೆ ಹೋಗುವವರು ಬೇಕೆಂದೇ ಇದನ್ನು ಮಾಡುತ್ತಾರೆ. ಆದರೆ ಮಾಡ್ಯೂಲ್‌ಗೆ ಶಾಕ್ ಕಾಣದೆ ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕೋಡಿಂಗ್‌ನಲ್ಲಿ ವ್ಯವಸ್ಥೆಯನ್ನು ತೆಗೆಯಬೇಕು, ಇಲ್ಲವೇ ಆ ಕಾರಿಗೆಂದೇ ಮಾಡಿದ ಬೈಪಾಸ್ ಮಾಡ್ಯೂಲ್ ಹಾಕಬೇಕು. ಯಾವುದೋ ರೆಸಿಸ್ಟರ್ ಸಿಕ್ಕಿಸಿ ಟೇಪ್ ಸುತ್ತಬೇಡಿ. ಕರೆಂಟ್ ಹರಿದಾಗ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ. ಕೆಲವು ಕಾರುಗಳಲ್ಲಿ ಈ ಮಾಡ್ಯೂಲ್‌ನ ಮಾಹಿತಿಯನ್ನು ಸ್ಟೆಬಿಲಿಟಿ ಕಂಟ್ರೋಲ್, ಹೆಡ್‌ಲೈಟ್ ಎತ್ತರದ ವ್ಯವಸ್ಥೆ ಕೂಡ ಬಳಸುತ್ತವೆ. ಅವು ಸರಿಯಾಗಿ ಉಳಿಯುತ್ತವೆಯೇ ಅಂತ ಮೊದಲೇ ವಿಚಾರಿಸಿ.

ಯಾವ ದಾರಿ ಹಿಡಿದರೂ ಒಂದು ಆಕ್ಸಲ್‌ನ ಎರಡನ್ನೂ ಒಟ್ಟಿಗೆ ಮಾಡಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಸುಸ್ತಾದದ್ದು ಇದ್ದರೆ ಎಡಕ್ಕೆ ತಿರುಗುವಾಗ ಒಂದು ಕಾರು, ಬಲಕ್ಕೆ ತಿರುಗುವಾಗ ಇನ್ನೊಂದು ಕಾರು ಓಡಿಸಿದಂತೆ.

ಬಿಚ್ಚುವ ಮೊದಲು

ಬೇಕಾಗುವುದು: ಜಾಕ್, ಎರಡು ಗಟ್ಟಿ ಸ್ಟ್ಯಾಂಡ್, ಟಾರ್ಕ್ ರೆಂಚ್, ಆಲನ್ ಕೀ, ನಡುವೆ ತೂತಿರುವ ಸಾಕೆಟ್, ಸ್ಪ್ರಿಂಗ್ ಕಂಪ್ರೆಸರ್, ತುಕ್ಕು ಬಿಡಿಸುವ ಎಣ್ಣೆ, ಪೇಂಟ್ ಮಾರ್ಕರ್, ಗಟ್ಟಿ ತಂತಿ. ಹೊಸ ಸೆಲ್ಫ್ ಲಾಕಿಂಗ್ ನಟ್‌ಗಳು, ಬಂಪ್ ಸ್ಟಾಪ್, ಧೂಳಿನ ಬೂಟ್, ಮೇಲಿನ ಮೌಂಟ್ ಕೂಡ ತರಿಸಿಟ್ಟುಕೊಳ್ಳಿ. ಇವು ಶಾಕ್‌ನ ಬೆಲೆಯ ಮುಂದೆ ಏನೂ ಅಲ್ಲ. ಹಳೆಯದನ್ನೇ ಹಾಕಿ ಮತ್ತೆ ಅದಕ್ಕಾಗಿ ಎಲ್ಲ ಬಿಚ್ಚುವುದು ಯಾರಿಗೆ ಬೇಕು?

ಹಿಂದಿನ ದಿನವೇ ಬೋಲ್ಟ್‌ಗಳಿಗೆ ತುಕ್ಕಿನ ಎಣ್ಣೆ ಹಾಕಿ. ಕಾರು ಸಮತಟ್ಟಾದ ನೆಲದಲ್ಲಿ ನಿಂತಿರುವಾಗ ಚಕ್ರದ ನಡುಭಾಗದಿಂದ ಫೆಂಡರ್ ಅಂಚಿನವರೆಗಿನ ಎತ್ತರವನ್ನು ನಾಲ್ಕೂ ಕಡೆ ಅಳೆದು ಬರೆದಿಡಿ. ಈ ನಾಲ್ಕು ಅಂಕಿ ಕೊನೆಯಲ್ಲಿ ಎರಡು ಸಲ ಬೇಕಾಗುತ್ತದೆ. ಕಾಯಿಲೋವರ್ ಆಗಿದ್ದರೆ ಎತ್ತರ ಹೊಂದಿಸುವ ಕಾಲರ್ ಯಾವ ಎಳೆಯಲ್ಲಿ ಕೂತಿದೆ ಅಂತಲೂ ಅಳೆಯಿರಿ. ಇಗ್ನಿಶನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಬಿಚ್ಚುವುದು

ಚಕ್ರದ ಬೋಲ್ಟ್‌ಗಳನ್ನು ನೆಲದ ಮೇಲೆ ಇರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಆಕ್ಸಲ್‌ನ ಎರಡೂ ಬದಿಯನ್ನು ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಬದಿ ಎತ್ತಿದರೆ ಆಂಟಿ ರೋಲ್ ಬಾರ್ ತಿರುಚಿಕೊಂಡಿರುತ್ತದೆ, ಲಿಂಕ್ ಬಿಚ್ಚಿದಾಗ ಸಿಡಿಯುತ್ತದೆ.

ಶಾಕ್‌ನ ಕನೆಕ್ಟರ್ ಮೊದಲು ಬಿಚ್ಚಿ. ಮ್ಯಾಗ್ನೆರೈಡ್‌ನಲ್ಲಿ ಅದು ಹೆಚ್ಚಾಗಿ ರಾಡಿನ ತಲೆಯ ಮೇಲೆ ಇರುತ್ತದೆ. ಹೊರಗೆ ವಾಲ್ವ್ ಇರುವ ಬಗೆಯಲ್ಲಿ ಬಾಡಿಯ ಪಕ್ಕದಲ್ಲಿ ಇರುತ್ತದೆ. ಲಾಕ್ ಒತ್ತಿ ಕನೆಕ್ಟರನ್ನೇ ಹಿಡಿದು ಎಳೆಯಿರಿ, ವೈರು ಹಿಡಿದು ಎಳೆಯಬೇಡಿ. ವೈರು ಯಾವ ಕ್ಲಿಪ್ ಮೂಲಕ ಹೇಗೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಎಬಿಎಸ್ ವೈರು, ಬ್ರೇಕ್ ಹೋಸ್ ಶಾಕ್‌ಗೆ ಸಿಕ್ಕಿಸಿದ್ದರೆ ಬಿಡಿಸಿ. ಎತ್ತರದ ಸೆನ್ಸರ್‌ನ ಕಡ್ಡಿಯನ್ನೂ ಕಳಚಿ. ಇಲ್ಲದಿದ್ದರೆ ತೋಳು ಕೆಳಗೆ ಇಳಿದಾಗ ಅದು ಮುರಿಯುತ್ತದೆ.

ಲಿಂಕ್‌ನ ನಟ್ ಬಿಚ್ಚುವಾಗ ನಡುವಿನ ಬೋಲ್ಟೂ ಜೊತೆಗೇ ತಿರುಗುತ್ತದೆ. ಅದರ ತುದಿಯಲ್ಲಿ ಆಲನ್ ಕೀ ಹಿಡಿದುಕೊಂಡು ನಟ್ ತಿರುಗಿಸಿ.

ಈಗ ಕೆಳಗಿನ ತೋಳಿಗೆ ಜಾಕ್ ಆಸರೆ ಕೊಡಿ. ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಡಬಲ್ ವಿಶ್‌ಬೋನ್ ಇದ್ದರೆ ಕೆಳಗಿನ ಅಡ್ಡ ಬೋಲ್ಟ್ ತೆಗೆದು, ಮೇಲಿನ ನಟ್‌ಗಳನ್ನು ತೆಗೆಯಿರಿ. ಶಾಕ್ ಈಚೆ ಬರುತ್ತದೆ. ಮೇಲಿನ ತೋಳಿನ ಬದಲು ಶಾಕೇ ಚಕ್ರವನ್ನು ಹಿಡಿದಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಆದರೆ ಸ್ವಲ್ಪ ಜಾಗ್ರತೆ ಜಾಸ್ತಿ ಬೇಕು. ಸ್ಟ್ರಟ್ ಮತ್ತು ನಕಲ್ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಸೇರುವ ಬೋಲ್ಟ್‌ಗಳ ಸ್ಥಾನವನ್ನು ಪೇಂಟ್‌ನಲ್ಲಿ ಗುರುತು ಮಾಡಿ. ಕ್ಯಾಂಬರ್, ಅಂದರೆ ಚಕ್ರ ಒಳಗೋ ಹೊರಗೋ ವಾಲುವ ಕೋನ, ಅಲ್ಲಿಯೇ ನಿರ್ಧಾರವಾಗುತ್ತದೆ. ಹಿಡಿಕೆಯಂತೆ ಅಪ್ಪಿರುವ ನಕಲ್ ಆದರೆ ಅದರ ಸೀಳನ್ನು ಅಗಲಿಸುವ ಉಪಕರಣ ಬಳಸಿ. ಅಲ್ಯೂಮಿನಿಯಂ ನಕಲ್‌ಗೆ ಸುತ್ತಿಗೆ ಏಟು ಬಿದ್ದರೆ ಬಿರುಕು ಬಿಡಬಹುದು. ಹಬ್ ಹೊರಗೆ ವಾಲದಂತೆ ತಂತಿಯಿಂದ ಕಟ್ಟಿ. ಬ್ರೇಕ್ ಹೋಸ್ ಮೇಲೆ ಯಾವ ಭಾರವೂ ಬೀಳಬಾರದು.

ಮೇಲಿನ ಮೌಂಟ್‌ನ ಸುತ್ತಲಿನ ನಟ್‌ಗಳನ್ನು ಮಾತ್ರ ತೆಗೆಯಿರಿ. ನಟ್ಟನಡುವಿನ ರಾಡಿನ ನಟ್ ಮುಟ್ಟಲೇಬೇಡಿ. ಸ್ಪ್ರಿಂಗನ್ನು ಹಿಡಿದಿರುವುದು ಅದೇ.

ಸ್ಪ್ರಿಂಗ್ ತೆಗೆಯುವುದು

ಇಡೀ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಇರುವ ಹಂತ ಇದು. ಮಿ.ಮೀ.ಗೆ 50 ನ್ಯೂಟನ್ ಬಿಗಿ ಇರುವ ಸ್ಪ್ರಿಂಗನ್ನು 100 ಮಿ.ಮೀ. ಒತ್ತಿದರೆ ಅದರಲ್ಲಿ 5000 ನ್ಯೂಟನ್ ಬಲ ಕೂತಿರುತ್ತದೆ. ಅಂದರೆ ಸುಮಾರು 500 ಕಿಲೋ ಭಾರ. ಅದು ಒಮ್ಮೆಲೇ ಬಿಟ್ಟುಕೊಂಡರೆ ತಡೆಯಲು ಯಾರಿಂದಲೂ ಆಗುವುದಿಲ್ಲ.

ಗೋಡೆಗೆ ಅಥವಾ ಬೆಂಚಿಗೆ ಬಿಗಿದ ಕಂಪ್ರೆಸರ್ ಎಲ್ಲಾದರೂ ಸಿಗುವುದಾದರೆ ಸ್ಟ್ರಟ್ ಅಲ್ಲಿಗೇ ಒಯ್ಯಿರಿ. ಈ ಒಂದು ಹಂತಕ್ಕೆ ಗ್ಯಾರೇಜಿಗೆ ಕೂಲಿ ಕೊಡುವುದು ಬುದ್ಧಿವಂತಿಕೆ. ಕೊಕ್ಕೆ ಬಗೆಯ ಕಂಪ್ರೆಸರ್ ಬಳಸುವುದಾದರೆ ಎರಡನ್ನೂ ಎದುರುಬದುರು ಹಾಕಿ, ಸುರಕ್ಷತೆಯ ಪಿನ್ ಕೂರಿಸಿ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ರಿಂಗಿನ ತುದಿಗೆ ನೇರವಾಗಿ ಮುಖ ಇಟ್ಟು ನಿಲ್ಲಬೇಡಿ. ಮೇಲಿನ ಮೌಂಟ್ ಕೈಯಲ್ಲಿ ಸಡಿಲವಾಗಿ ತಿರುಗಿದಾಗ ಮಾತ್ರ ನಡುವಿನ ನಟ್ ತೆಗೆಯಿರಿ.

ಆ ನಟ್‌ಗೆ ಇಂಪ್ಯಾಕ್ಟ್ ಗನ್ ಹಾಕಬೇಡಿ. ರಾಡು ಗಿರಗಿರ ತಿರುಗಿ ಒಳಗಿನ ಅಡ್ಜಸ್ಟರ್, ವೈರು ಹಾಳಾಗುತ್ತವೆ. ರಾಡನ್ನು ಇಕ್ಕಳದಲ್ಲೂ ಹಿಡಿಯಬೇಡಿ. ಕೂದಲಷ್ಟು ಗೀರು ಬಿದ್ದರೂ ಸೀಲ್ ಹರಿಯುತ್ತದೆ. ತೂತಿನ ಸಾಕೆಟ್ ಮೂಲಕ ಆಲನ್ ಕೀಯಿಂದ ರಾಡು ಹಿಡಿದು ಸ್ಪ್ಯಾನರ್‌ನಲ್ಲಿ ಬಿಚ್ಚಿ.

ಹಳೆಯ ಶಾಕ್ ಕೈಗೆ ಬಂತು. ಒಂದು ಪರೀಕ್ಷೆ ಮಾಡಿ. ರಾಡನ್ನು ನಿಧಾನವಾಗಿ ಒಳಗೆ ಒತ್ತಿ ಬಿಡಿ. ಗ್ಯಾಸ್ ತುಂಬಿದ ಶಾಕ್ ತಾನಾಗಿಯೇ ಹೊರಗೆ ಬರಬೇಕು. 12ರಿಂದ 14 ಮಿ.ಮೀ. ದಪ್ಪದ ರಾಡಿಗೆ 25 ಬಾರ್ ಒತ್ತಡ ಅಂದರೆ ಸುಮಾರು 30ರಿಂದ 40 ಕಿಲೋ ತಳ್ಳುವ ಬಲ. ಬರದಿದ್ದರೆ ಗ್ಯಾಸ್ ಹೋಗಿದೆ. ಒತ್ತುವಾಗ ನಡುವೆ ಎಲ್ಲೋ ತಡೆಯೇ ಇಲ್ಲದ ಖಾಲಿ ಜಾಗ ಸಿಕ್ಕರೆ ಎಣ್ಣೆ ಹೋಗಿದೆ.

ಹೊಸದು ಕೂರಿಸುವುದು

ಹೊಸದನ್ನು ಹಳೆಯದರ ಪಕ್ಕ ಇಟ್ಟು ಉದ್ದ, ಮೌಂಟ್, ಕನೆಕ್ಟರ್ ಹೋಲಿಸಿ. ಒಂದರೊಳಗೊಂದು ಎರಡು ಕೊಳವೆ ಇರುವ ಟ್ವಿನ್‌ಟ್ಯೂಬ್ ಶಾಕ್ ಆಗಿದ್ದರೆ ನೆಟ್ಟಗೆ ನಿಲ್ಲಿಸಿ ಮೂರು ನಾಲ್ಕು ಸಲ ಪೂರ್ತಿ ಒತ್ತಿ ಎಳೆಯಿರಿ. ಅಡ್ಡ ಮಲಗಿಸಿ ಇಟ್ಟಾಗ ಒಳಕೊಳವೆಗೆ ಸೇರಿದ ಗಾಳಿ ಹೋಗಿ ತಡೆ ಸಮನಾಗುತ್ತದೆ. ಮೊನೊಟ್ಯೂಬ್‌ಗೆ ಇದರ ಅಗತ್ಯ ಇಲ್ಲ.

ಬಂಪ್ ಸ್ಟಾಪ್, ಬೂಟ್, ಸ್ಪ್ರಿಂಗ್, ಮೌಂಟ್ ಜೋಡಿಸಿ. ಸ್ಪ್ರಿಂಗಿನ ತುದಿ ಕೆಳಗಿನ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ಒರಗಬೇಕು. ರಾಡಿನ ನಟ್ ಹೊಸದೇ ಆಗಲಿ, ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ಆಮೇಲೆ ಕಂಪ್ರೆಸರನ್ನು ಎರಡೂ ಕಡೆ ಸಮನಾಗಿ ಸಡಿಲಿಸಿ.

ಶಾಕ್ ಅನ್ನು ಜಾಗಕ್ಕೆ ಏರಿಸಿ ಎಲ್ಲ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿ. ಈಗ ಬಹಳ ಮಂದಿ ಅವಸರ ಮಾಡುವ ಒಂದು ಹಂತ. ರಬ್ಬರ್ ಬುಶ್ ಇರುವ ಕೆಳಗಿನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬೇಡಿ. ಬುಶ್‌ನ ರಬ್ಬರು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ನೇತಾಡುವಾಗ ಬಿಗಿದರೆ ಕಾರು ಇಳಿಸಿದಾಗ ರಬ್ಬರು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರವೂ ತಪ್ಪುತ್ತದೆ. ತೋಳಿನ ಕೆಳಗೆ ಜಾಕ್ ಇಟ್ಟು, ಮೊದಲು ಬರೆದಿಟ್ಟ ಎತ್ತರಕ್ಕೆ ಬರುವವರೆಗೆ ಏರಿಸಿ. ಆಗ ಟಾರ್ಕ್ ರೆಂಚ್ ಹಾಕಿ. ಜಾಕ್ ಏರಿಸುವಾಗ ಕಾರು ಸ್ಟ್ಯಾಂಡ್‌ನಿಂದ ಎದ್ದುಬಿಡದಂತೆ ನೋಡಿಕೊಳ್ಳಿ.

ವೈರನ್ನು ಫೋಟೋದಲ್ಲಿ ಇದ್ದಂತೆಯೇ ಕ್ಲಿಪ್‌ಗಳಲ್ಲಿ ಕೂರಿಸಿ. ಸ್ಟಿಯರಿಂಗನ್ನು ಎರಡೂ ಕೊನೆಗೆ ತಿರುಗಿಸಿ ವೈರು ಎಲ್ಲೂ ಬಿಗಿಯುವುದಿಲ್ಲ, ಟೈರಿಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸೆನ್ಸರ್ ಕಡ್ಡಿ ಸಿಕ್ಕಿಸಿ, ಬ್ಯಾಟರಿ ಜೋಡಿಸಿ, ಕೋಡ್ ಅಳಿಸಿ. ಎತ್ತರದ ಸೆನ್ಸರ್ ಬಿಚ್ಚಿದ್ದರೆ ಅಥವಾ ಬದಲಿಸಿದ್ದರೆ ಸ್ಕ್ಯಾನರ್‌ನಲ್ಲಿ ಎತ್ತರದ ಕ್ಯಾಲಿಬ್ರೇಷನ್ ಮಾಡಿ. ಸ್ಟ್ರಟ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಆಗಲೇಬೇಕು. ನಾಲ್ಕು ಎತ್ತರಗಳನ್ನು ಮತ್ತೆ ಅಳೆದು ಹೋಲಿಸಿದ ಮೇಲೆಯೇ ಅಲೈನ್‌ಮೆಂಟ್‌ಗೆ ಹೋಗಿ.

ಸೆಟ್ಟಿಂಗ್

ಎಲೆಕ್ಟ್ರಾನಿಕ್ ಆದರೆ ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಕೈಯಲ್ಲಿ ತಿರುಗಿಸುವ ಶಾಕ್‌ಗಳ ಕೆಲಸ ಈಗ ಶುರು.

ಕ್ಲಿಕ್ ಇರುವ ಹೆಚ್ಚಿನ ಶಾಕ್‌ಗಳಲ್ಲಿ ಎಣಿಕೆ ಪೂರ್ತಿ ಬಿಗಿಯಿಂದ ಹಿಂದಕ್ಕೆ. ನಾಬನ್ನು ಮೆಲ್ಲಗೆ ಕೊನೆಯವರೆಗೆ ತಿರುಗಿಸಿ, ತಾಗಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ತಯಾರಕರು ಹೇಳಿದ ಸಂಖ್ಯೆಯಲ್ಲಿ ಬಿಡಿ. ಹೇಳದಿದ್ದರೆ ನಡುವಿನಿಂದ ಶುರು ಮಾಡಿ. ಒಂದು ಆಕ್ಸಲ್‌ನ ಎಡ ಬಲ ಯಾವಾಗಲೂ ಒಂದೇ ಸಂಖ್ಯೆ ಇರಲಿ. ಎಲ್ಲವನ್ನೂ ಪುಸ್ತಕದಲ್ಲಿ ಬರೆಯಿರಿ.

ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ರಸ್ತೆಯಲ್ಲಿ ಓಡಿಸಿ. ಒಂದು ಸಲಕ್ಕೆ ಒಂದೇ ಆಕ್ಸಲ್, ಒಂದೇ ನಾಬ್, ಎರಡು ಕ್ಲಿಕ್. ಉಬ್ಬು ದಾಟಿದ ಮೇಲೆ ಕಾರು ತೇಲಿದಂತೆ ಇನ್ನೂ ಕುಣಿಯುತ್ತಿದ್ದರೆ ರೀಬೌಂಡ್, ಅಂದರೆ ಶಾಕ್ ಹೊರಗೆ ಚಾಚುವಾಗಿನ ತಡೆ, ಹೆಚ್ಚಿಸಿ. ಸಾಲು ಉಬ್ಬುಗಳ ಮೇಲೆ ಕಾರು ಹಂತಹಂತವಾಗಿ ತಗ್ಗಿ ಕೊನೆಗೆ ಕಲ್ಲಿನಂತೆ ಬಡಿದರೆ ರೀಬೌಂಡ್ ಜಾಸ್ತಿ ಆಗಿದೆ. ಚಕ್ರ ಕೆಳಗೆ ಇಳಿಯಲು ಸಮಯವೇ ಸಿಗುತ್ತಿಲ್ಲ. ಇದನ್ನು ಸ್ಪ್ರಿಂಗ್ ಮೆತ್ತಗಿದೆ ಅಂತ ತಪ್ಪು ತಿಳಿದು ಇನ್ನಷ್ಟು ಬಿಗಿ ಮಾಡುವವರು ಬಹಳ. ಪ್ರತಿ ಸಣ್ಣ ಗುಂಡಿಯೂ ನೇರವಾಗಿ ಬೆನ್ನಿಗೆ ತಾಗಿದರೆ ಕಂಪ್ರೆಷನ್, ಅಂದರೆ ಶಾಕ್ ಒಳಗೆ ಒತ್ತಿಕೊಳ್ಳುವಾಗಿನ ತಡೆ, ಕಡಿಮೆ ಮಾಡಿ. ಸಾಮಾನ್ಯ ರಸ್ತೆಯಲ್ಲಿ ಪೂರ್ತಿ ಬಿಗಿ ಸೆಟ್ಟಿಂಗ್‌ನಿಂದ ಕಾರು ವೇಗವಾಗುವುದಿಲ್ಲ. ಟೈರು ನೆಲ ಬಿಟ್ಟು ಹಿಡಿತ ಕಡಿಮೆಯಾಗುತ್ತದೆ ಅಷ್ಟೇ.

ಮೊದಲ ಕೆಲವು ದಿನ ಓಡಿಸಿದ ಮೇಲೆ ಚಕ್ರದ ಬೋಲ್ಟ್, ಮೇಲಿನ ನಟ್, ಕೆಳಗಿನ ಬೋಲ್ಟ್‌ಗಳ ಟಾರ್ಕ್ ಮತ್ತೊಮ್ಮೆ ನೋಡಿ. ರಾಡಿನ ಸುತ್ತ ಎಣ್ಣೆ ಇದೆಯಾ, ವೈರು ಎಲ್ಲಾದರೂ ಉಜ್ಜುತ್ತಿದೆಯಾ ನೋಡಿ. ಹಳೆಯ ಶಾಕ್‌ಗಳನ್ನು ಬೆಂಕಿಗೆ ಹಾಕಬೇಡಿ. ಗುಜರಿಗೆ ಕೊಡುವಾಗ ಒಳಗೆ ಒತ್ತಡದ ಗ್ಯಾಸ್ ಇದೆ ಅಂತ ಬಾಯಿಬಿಟ್ಟು ಹೇಳಿ. ಗೊತ್ತಿಲ್ಲದೆ ಕತ್ತರಿಸಲು ಹೋದವರಿಗೆ ಏಟಾಗಬಾರದು. ರೀಬಿಲ್ಡ್ ಮಾಡಬಹುದಾದ ಬಗೆ ಆಗಿದ್ದರೆ ಗುಜರಿಗೆ ಹಾಕದೆ ಎತ್ತಿಡಿ. ಎಷ್ಟೋ ಹಳೆಯ ಮಾಡೆಲ್‌ಗಳಿಗೆ ಹೊಸ ಶಾಕ್ ತಯಾರಾಗುವುದು ನಿಂತಿದೆ. ಆಗ ಕೈಯಲ್ಲಿರುವ ಮೂಲ ಶಾಕ್‌ನ ಬಾಡಿಯೇ ರಿಪೇರಿಗೆ ಆಧಾರ.